ಗಿರಣಿ ಡಬ್ಬಿ, ಸೆರಗಿನ ಗಂಟು ಮತ್ತ ಅವ್ವನ ಗುಳಿಗಿ

ಮೊನ್ನೆ ಪಂಚಮಿಗೆ ಉಂಡಿ ಕಟ್ಟಲಿಕ್ಕೆ ಕೂತಾಗ ಕಾಕು ಕೇಳಿದ್ಲು, "ಅಲ್ಲವಾ, ನಿಮ್ಮವ್ವಗ ಗುಳಿಗಿ ಹೊತ್ತು ಹೇಳೋ ಟ್ಯಾಬ್ ಮಾಡಿಕೊಟ್ಟಿದ್ದೆಲ್ಲಾ, ಅದು ತಪ್ಪು ಹೇಳ್ತಂತಲ್ಲ? ಏನಾಗಿತ್ತದಕ್ಕ?" ಬಾಜೂಕ ಕೂತಿದ್ದ ವೈನಿ, "ಅದಕ್ಕೇನಾಗಿತ್ತು? ಮಾಡಿದಾಕಿಗೆ ಏನಾಗಿತ್ತು ಅಂತ ಕೇಳ್ರಿ" ಅಂದ್ಲು. ಎಲ್ಲಾರೂ ನಕ್ರು. ನಾನೂ ನಕ್ಕೆ. ಆದ್ರ ಖರೇ ಹೇಳಬೇಕಂದ್ರ ಆವತ್ತು ನಗು ಬರೋ ಹಂಗಿದ್ದಿಲ್ಲ. ಉಂಡಿ ಕಟ್ಟಕೋತ ಅರ್ಧಾ ಹೇಳಿದೆ, ಅಷ್ಟ್ರಾಗ ಪಾಕ ಗಟ್ಟಿ ಆಗಲಿಕ್ಕೆ ಹತ್ತಿತು ಅಂತ ಕಥಿ ಅಲ್ಲಿಗೇ ನಿಂತುಹೋತು. ಉಳಿದದ್ದು ಇಲ್ಲಿ ಬರೀತೀನಿ. ತಪ್ಪು ಯಾರದು ಅನ್ನೋದೂ ಸೇರಿಸಿ ಪೂರ್ತಿ ಬರೀತೀನಿ.

ಅವ್ವಗ ಈಗ 74. ಅಪ್ಪ ಹೋದಮ್ಯಾಲೂ ಧಾರವಾಡದ ಮನಿ ಬಿಟ್ಟು ಬರಂಗಿಲ್ಲ ಅಂತ ಕೂತಾಳ. ನಾನು ಬೆಂಗಳೂರಾಗ. ದಿನಾ ಎರಡು ಸಲ ಫೋನ್ ಮಾಡೋದು, "ಗುಳಿಗಿ ತೊಗೊಂಡ್ಯಾ?" ಅಂತ ಕೇಳೋದು. ಆಕಿ "ಹೂಂ" ಅನ್ನೋದು. ಆ "ಹೂಂ" ಕೇಳಿದ್ರ ಖರೇನ ತೊಗೊಂಡಾಳೋ, ಮಗಳ ಕಾಟ ತಪ್ಪಲಿ ಅಂತ ಅಂದಾಳೋ ತಿಳೀತಿದ್ದಿಲ್ಲ. ಇರೋದು ನಾಕ ಗುಳಿಗಿ. ಬೆಳಿಗ್ಗೆ 6ಕ್ಕ ಖಾಲಿ ಹೊಟ್ಟಿಲೆ ಥೈರಾಯ್ಡಿಂದು. 8.30ಕ್ಕ ನಾಷ್ಟಾ ಆದಮ್ಯಾಲೆ ಬಿಪಿದು, ಅದು ಅರ್ಧಾ. ಮಧ್ಯಾಹ್ನ 1.30ಕ್ಕ ಊಟ ಆದಮ್ಯಾಲೆ ಕ್ಯಾಲ್ಸಿಯಂ ಎರಡು. ರಾತ್ರಿ 9ಕ್ಕ ಕೊಲೆಸ್ಟ್ರಾಲಿಂದು ಒಂದು. ನಾಕ ಅಂದ್ರ ಏನ ಮಹಾ ಅನಸ್ತದ. ಆದ್ರ ಥೈರಾಯ್ಡಿನ ಗುಳಿಗಿಗೂ ಕ್ಯಾಲ್ಸಿಯಮ್ಮಿಗೂ ನಡುವ ನಾಕ ತಾಸಿನ ಅಂತರ ಇರಬೇಕು. ಇಲ್ಲಂದ್ರ ಕ್ಯಾಲ್ಸಿಯಂ ಅಡ್ಡ ನಿಂತು ಥೈರಾಯ್ಡಿನ ಔಷಧ ಮೈಗೆ ಹತ್ತಂಗಿಲ್ಲ. ಹಿಂಗಾಗಿ ಯಾವುದು ಯಾವಾಗ ಅನ್ನೋದು ಅದಲು ಬದಲು ಆಗಬಾರದು.

ನಾನು ಮನ್ಯಾಗ ಕೂತು ವೆಬ್‌ಪೇಜ್ ಮಾಡೋ ಕೆಲಸ ಮಾಡ್ತೀನಿ ಅಂತ ನಿಮಗ ಗೊತ್ತದ. ಮಂದಿ ಅಂಗಡಿಗೆಲ್ಲಾ ಪೇಜ್ ಮಾಡಿಕೊಡ್ತೀನಿ, ನಮ್ಮವ್ವಗೊಂದು ಮಾಡಬಾರದ್ಯಾಕ ಅನಿಸ್ತು. ಮಗನ ಹಳೇ ಟ್ಯಾಬ್ ಇತ್ತು. ಅದರಾಗ ಒಂದು ಪೇಜ್. ಹೊತ್ತಿಗೆ ಸರಿಯಾಗಿ ಗಂಟಿ ಬಾರಿಸಬೇಕು, ಗುಳಿಗಿ ಹೆಸರು, ಚಿತ್ರ, ಎಷ್ಟು ಅನ್ನೋದು ದೊಡ್ಡದಾಗಿ ತೋರಸಬೇಕು, ಅವ್ವ "ತೊಗೊಂಡೆ" ಅನ್ನೋ ಗುಂಡಿ ಒತ್ತಬೇಕು, ಒತ್ತಿದ್ದು ನನಗಿಲ್ಲಿ ಕಾಣಬೇಕು. ಎರಡು ರಾತ್ರಿ ಕೂತು ಮಾಡಿದೆ. ಚಿತ್ರಾ ಅಂತೂ ಎಷ್ಟು ಚಂದ ಬಂದಿದ್ವು ಅಂದ್ರ, ಬೆಳಗಾಗೋ ಗುಳಿಗಿಗೆ ಸೂರ್ಯ, ರಾತ್ರಿದಕ್ಕ ಚಂದ್ರ. ಧಾರವಾಡಕ್ಕ ಹೋದಾಗ ದೇವರ ಮನಿ ಕಟ್ಟಿ ಮ್ಯಾಲೆ ಟ್ಯಾಬ್ ನಿಲ್ಲಿಸಿ, ಚಾರ್ಜಿಗೆ ಹಚ್ಚಿ, ಅವ್ವನ ಕೈಲೆ ಒಂದು ಸಲ ಗುಂಡಿ ಒತ್ತಿಸಿ, ಜಂಬಲೇ ವಾಪಸ್ ಬಂದೆ.

ಮರುದಿನ ಮಧ್ಯಾಹ್ನ 1.35ಕ್ಕ ಅವ್ವನ ಫೋನ್.

"ಏ ತಂಗಿ, ಈ ಚಂದ್ರನ ಗುಳಿಗಿ ದಿನಕ್ಕ ಎಷ್ಟ ಸಲ ಅದ?"

"ಒಂದ ಸಲ ಅವ್ವಾ, ರಾತ್ರಿ."

"ಮತ್ತ ಇದು ಮುಂಜಾನಿಂದ ಮೂರನೇ ಸಲ ಹೇಳ್ಲಿಕ್ಕೆ ಹತ್ತೇದಲ್ಲ. ಎರಡು ಸಲ ತೊಗೊಂಡೆ. ಈಗ ಡಬ್ಬಿ ನೋಡಿದ್ರ ಇಷ್ಟ್ಯಾಕ ಕಡಿಮಿ ಆದ್ವು ಅನಿಸ್ತು."

ನನ್ನ ಎದಿ ಝಲ್ ಅಂತು. ಮುಂಜಾನೆ 6ಕ್ಕ ಥೈರಾಯ್ಡಿನ ಬದ್ಲಿ ಕೊಲೆಸ್ಟ್ರಾಲಿಂದು ತೊಗೊಂಡಾಳ, 8.30ಕ್ಕ ಬಿಪಿ ಗುಳಿಗಿ ಬದ್ಲಿ ಮತ್ತ ಅದನ್ನ. ಅಂದ್ರ ಬಿಪಿ ಗುಳಿಗಿ ಹೊಟ್ಯಾಗ ಹೋಗೇ ಇಲ್ಲ. ಕೂಡಲೇ ಡಾಕ್ಟರಿಗೆ ಫೋನ್ ಹಚ್ಚಿದೆ. ಎರಡು ಗುಳಿಗಿಯಿಂದ ಅಂಜೋಹಂಗ ಏನೂ ಆಗಂಗಿಲ್ಲ, ಇವತ್ತು ರಾತ್ರಿದು ಬಿಡ್ರಿ, ಬಿಪಿ ನೋಡಿ ನನಗ ತಿಳಸ್ರಿ ಅಂದ್ರು. ಬಾಜೂ ಮನಿ ಮಾಮಿ ಬಂದು ಬಿಪಿ ನೋಡಿದ್ರು. ಸ್ವಲ್ಪ ಏರಿತ್ತು, ಸಂಜೀಕ ಇಳೀತು. ನಾನು ರಾತ್ರಿ ಗಾಡಿ ಹಿಡಿದು ಹೊರಟೆ.

ಗಾಡ್ಯಾಗ ಕೂತು ಫೋನ್ ಮಾಡಿ, ಸಿಟ್ಟಿಲೇ ಅಂತನ ಅನ್ರಿ, ಕೇಳಿದೆ. "ಅವ್ವಾ, ಬೆಳಕು ಹರಿದದ, ಅದರಾಗ ಚಂದ್ರ ತೋರಸ್ಲಿಕ್ಕೆ ಹತ್ತೇದ, ರಾತ್ರಿ ಗುಳಿಗಿ ಅಂತ ಬರದದ. ನಿನಗ ಸಂಶೇ ಬರಲಿಲ್ಲಾ?"

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮ್ಯಾಲೆ ಅಂದ್ಲು, "ಬಂತು. ಆದ್ರ ನನಗ ಹೊತ್ತು ತಿಳೀಲಾರದಂಗ ಆಗೇದೇನೋ ಅನ್ಕೊಂಡೆ. ನೀ ಮಾಡಿಟ್ಟದ್ದು ತಪ್ಪು ಹೇಳ್ತದೇನು?"

ಆ ಮಾತು ಕೇಳಿದಮ್ಯಾಲೆ ನನಗ ರಾತ್ರಿ ನಿದ್ದಿ ಬರಲಿಲ್ಲ. ಗುಳಿಗಿ ತಪ್ಪಿದ್ದು ಒಂದು ಕಡೆ ಇರಲಿ. ಅದು ಸಂಜೀಕ ಸರಿ ಹೋತು. ಆದ್ರ ಯಂತ್ರದ ತಪ್ಪನ್ನ ಆಕಿ ತನ್ನ ತಲೀ ಮ್ಯಾಲೆ ಹಾಕ್ಕೊಂಡ್ಲಲ್ಲ! ಕಣ್ಣ ಮುಂದ ಸೂರ್ಯ ಹುಟ್ಟಿದ್ದು ಕಾಣಸ್ತಿದ್ರೂ, ಪರದೆ ಮ್ಯಾಲಿನ ಚಂದ್ರನ ಖರೇ, ತನಗ ಮರವು ಬಂದದ ಅಂತ ಒಪ್ಪಿಕೊಂಡುಬಿಟ್ಲು. ವಯಸ್ಸಾದವರಿಗೆ ನಾವು ದಿನಾ "ಮರ್ತಿ ಏನು? ಮರ್ತಿ ಏನು?" ಅಂತ ಕೇಳಿ ಕೇಳಿ ಅವರ ಕಾಲ ಕೆಳಗಿನ ನೆಲಾನ ಅಳ್ಳಾಡಿಸಿಬಿಟ್ಟಿರ್ತೀವಿ. ಅದರ ಮ್ಯಾಲೆ ನಾನು ಒಂದು ಟ್ಯಾಬ್ ಇಟ್ಟು ಬಂದೆ.

ಗಾಡ್ಯಾಗ ಲ್ಯಾಪ್‌ಟಾಪ್ ತೆಗೆದು ನೋಡಿದೆ. ತಪ್ಪು ಹುಡುಕಲಿಕ್ಕೆ ಭಾಳ ಹೊತ್ತು ಬೇಕಾಗಲಿಲ್ಲ. ಅರಸೀಕೆರಿ ಬರೋದ್ರಾಗ ಸಿಕ್ಕಿತು. ಏನಾಗಿತ್ತು ಅನ್ನೋದನ್ನ ಈಗ ನಮ್ಮ ಭಾಷಾದಾಗ ಹೇಳ್ತೀನಿ, ಯಾಕಂದ್ರ ಕಾಕು ಕೇಳಿದ್ದು ಅದನ್ನ.

ನಾವು ಅಡಿಗಿ ಮನ್ಯಾಗ ಕುಕ್ಕರ್ ಇಟ್ಟು ಅದರ ಮುಂದ ಕೂಡಂಗಿಲ್ಲ. ಕಾಯಿಪಲ್ಯ ಹೆಚ್ಚತೀವಿ, ಹಿಟ್ಟು ನಾದ್ತೀವಿ. ಸೀಟಿ ಆತಂದ್ರ ಹೋಗಿ ಒಲಿ ಆರಸ್ತೀವಿ. ಕಂಪ್ಯೂಟರಿನ ಬರವಣಿಗಿಯೊಳಗೂ ಹಂಗ. "ಇಂಥಾದ್ದು ಆದಾಗ ಇಂಥಾ ಕೆಲಸ ಮಾಡು" ಅಂತ ಮೊದಲ ಹೇಳಿಟ್ಟು, ತಾ ಮುಂದಿನ ಕೆಲಸಕ್ಕ ಹೋಗ್ತದ. ಗಂಟಿ ಹೊಡದಾಗ, ಗುಂಡಿ ಒತ್ತಿದಾಗ, ದೂರದಿಂದ ಉತ್ತರ ಬಂದಾಗ ಆ ಕೆಲಸ ನಡೀತದ. ಆದಾಗಿನ ಕೆಲಸಕ್ಕ ಹ್ಯಾಂಡ್ಲರ್ ಅಂತಾರ. ನಾಕೂ ಗುಳಿಗಿಗೆ ಕೆಲಸ ಒಂದ: ಗಂಟಿ ಬಾರಿಸು, ಹೆಸರು ತೋರಸು. ಬ್ಯಾರೆ ಆಗೋದು ಯಾವ ಗುಳಿಗಿ ಅನ್ನೋದಷ್ಟ. ಹಂಗಾರ ಆ "ಯಾವುದು" ಅನ್ನೋದನ್ನ ಹ್ಯಾಂಡ್ಲರಿನ ಕೈಯಾಗ ಹೆಂಗ ಕೊಟ್ಟು ಕಳಸಬೇಕು? ನಾ ಎಡವಿದ್ದು ಅಲ್ಲೇ.

ಇದಕ್ಕ ನಮ್ಮ ಗಿರಣಿ ನೆನಿಸ್ಕೋರಿ. ಮುಂಜಾನೆ ಎಲ್ಲಾರೂ ಡಬ್ಬಿ ಇಟ್ಟು ಬರ್ತೀವಿ. ಒಂದರಾಗ ಜೋಳ, ಒಂದರಾಗ ಗೋದಿ, ಒಂದರಾಗ ಕಡ್ಲಿಬ್ಯಾಳಿ. ಗಿರಣಿಯಾವ ಬೀಸೋದು ಕರೆಂಟ್ ಬಂದಮ್ಯಾಲೆ, ತನ್ನ ಸರತಿ ಪ್ರಕಾರ. ಅಷ್ಟೊತ್ತಿಗೆ ನಾವು ಅಲ್ಲಿರಂಗಿಲ್ಲ. ಅದಕ್ಕ ನಾವೇನ ಮಾಡ್ತೀವಿ? ಡಬ್ಬಿಯೊಳಗ ಚೀಟಿ ಹಾಕ್ತೀವಿ, "ಜೋಳ, ಸಣ್ಣಗ, ಇಂಥವರ ಮನೀದು" ಅಂತ. ಚೀಟಿ ಡಬ್ಬಿ ಜೊತೀನ ಇರ್ತದ. ಡಬ್ಬಿ ಎಲ್ಲೇ ಹೋಗಲಿ, ಎಷ್ಟೊತ್ತಿಗೇ ಬೀಸಲಿ, ಚಿಂತಿಲ್ಲ.

ಈಗ ಒಬ್ಬ ಹುಂಬ ಗಿರಣಿಯಾವನ ನೆನಿಸ್ಕೋರಿ. ಅಂವ ಚೀಟಿ ಗೀಟಿ ಬ್ಯಾಡ ಅಂತ ಗೋಡಿಗೆ ಒಂದ ಪಾಟಿ ತೂಗು ಹಾಕ್ಯಾನ. ನೀವು ಡಬ್ಬಿ ಇಟ್ಟಾಗ ಪಾಟಿ ಮ್ಯಾಲೆ "ಜೋಳ, ಸಣ್ಣಗ" ಅಂತ ಬರೀತಾನ. ಡಬ್ಬಿಗೆ ಏನ ಹೇಳ್ತಾನ? "ಬೀಸೋ ಹೊತ್ತಿಗೆ ಪಾಟಿ ನೋಡು" ಅಂತ. ಮುಂದ ವೈನಿ ಬಂದ್ಲು. ಪಾಟಿ ಒರಸಿ "ಗೋದಿ, ನಯಾ" ಅಂತ ಬರದಾ. ಕಾಕು ಬಂದ್ಲು. ಮತ್ತ ಒರಸಿ "ಕಡ್ಲಿಬ್ಯಾಳಿ, ತರಿ" ಅಂತ ಬರದಾ. ಕರೆಂಟ್ ಬಂತು. ಪಾಟಿ ನೋಡಿದ್ರ "ಕಡ್ಲಿಬ್ಯಾಳಿ, ತರಿ". ಎಲ್ಲಾ ಡಬ್ಬಿನೂ ತರಿ ತರಿ ಬೀಸಿ ಇಟ್ಟ. ಜೋಳದ ಹಿಟ್ಟೂ ತರಿ, ಗೋದಿ ಹಿಟ್ಟೂ ತರಿ. ಯಾರ ಮನ್ಯಾಗೂ ಆವತ್ತು ರೊಟ್ಟಿ ಆಗಲಿಲ್ಲ.

ನಾ ಮಾಡಿದ್ದು ಆ ಹುಂಬನ ಕೆಲಸ. ನಾಕ ಗುಳಿಗಿ ಪಟ್ಟಿ ಮ್ಯಾಲೆ ಒಂದು ಸುತ್ತು ತಿರುಗಿ, ಪ್ರತಿ ಸಲ "ಈಗಿನ ಗುಳಿಗಿ" ಅನ್ನೋ ಹೆಸರಿನ್ಯಾಗ ಒಂದೊಂದು ಗುಳಿಗಿ ಇಟ್ಟು, "ಇಷ್ಟ ಹೊತ್ತು ಆದಮ್ಯಾಲೆ ಈಗಿನ ಗುಳಿಗಿ ತೋರಸು" ಅಂತ ಟೈಮರ್ ಹಚ್ಚಿದ್ದೆ. ಸುತ್ತು ತಿರುಗೋದು ಕಣ್ಣು ಮಿಟುಕಿಸೋದ್ರಾಗ ಮುಗೀತದ. ಮೊದಲನೇ ಗಂಟಿ ಹೊಡಿಯೋದು ಮುಂಜಾನೆ 6ಕ್ಕ. ಆ ಹೊತ್ತಿಗೆ "ಈಗಿನ ಗುಳಿಗಿ" ಅನ್ನೋ ಪಾಟಿ ಮ್ಯಾಲೆ ಉಳಿದಿದ್ದು ಕಟ್ಟಕಡೀಗೆ ಬರದದ್ದು, ರಾತ್ರಿ ಕೊಲೆಸ್ಟ್ರಾಲಿಂದು. ಆರಕ್ಕೂ ಅದ, ಎಂಟೂವರಿಗೂ ಅದ, ಒಂದೂವರಿಗೂ ಅದ. ಹೊತ್ತು ಮಾತ್ರ ಸರಿ ಇತ್ತು, ಯಾಕಂದ್ರ ಹೊತ್ತನ್ನ ಟೈಮರಿಗೆ ಅಲ್ಲೇ ಲೆಕ್ಕಾ ಹಾಕಿ ಕೊಟ್ಟಿದ್ದೆ. ಹೆಸರನ್ನ ಮಾತ್ರ ಪಾಟಿ ಮ್ಯಾಲೆ ಬಿಟ್ಟಿದ್ದೆ.

ನಾ ಬರಿಯೋ ಭಾಷಾ ಜಾವಾಸ್ಕ್ರಿಪ್ಟ್. ಬ್ರೆಂಡನ್ ಐಕ್ ಅನ್ನೋರು 1995ರಾಗ ನೆಟ್‌ಸ್ಕೇಪ್ ಕಂಪನಿಯೊಳಗ ಹತ್ತ ದಿನದಾಗ ಅದರ ಮೊದಲನೇ ರೂಪ ಬರದ್ರು. ಅದರಾಗ "ವಾರ್" ಅಂತ ಹೇಳಿ ಹೆಸರಿಟ್ಟ ಜಾಗಾ ಇಡೀ ಫಂಕ್ಷನ್ನಿಗೆ ಒಂದ ಇರ್ತದ, ಸುತ್ತಿಗೊಂದು ಹೊಸಾದು ಹುಟ್ಟಂಗಿಲ್ಲ. ಅದು ನಮ್ಮ ಪಾಟಿ. ಈ ತೊಂದ್ರಿಗೆ 2015ರಾಗ "ಲೆಟ್" ಅನ್ನೋದು ಬಂತು. "ಲೆಟ್" ಅಂತ ಬರದ್ರ ಪ್ರತಿ ಸುತ್ತಿಗೂ ಹೊಸಾ ಚೀಟಿ. ನಡುವಿನ 20 ವರ್ಷ ಈ ಭಾಷಾ ಕಲಿತವರೆಲ್ಲಾ ಒಂದಲ್ಲಾ ಒಂದು ದಿನ ಈ ಪಾಟಿಗೆ ತಲಿ ಬಡಕೊಂಡವರನ. ಆಗಿನವರು ಸುಮ್ಮನ ಕೂತಿದ್ದಿಲ್ಲ. ಗುಳಿಗಿಯನ್ನ ಇನ್ನೊಂದು ಫಂಕ್ಷನ್ನಿನ ಕೈಯಾಗ ಕೊಟ್ಟು, ಅದರ ಹೊಟ್ಟಿಯೊಳಗಿಂದ ಹ್ಯಾಂಡ್ಲರ್ ಹುಟ್ಟಿಸ್ತಿದ್ರು. ಹಂಗ ಹುಟ್ಟಿದ ಹ್ಯಾಂಡ್ಲರ್ ತಾ ಹುಟ್ಟಿದ ಮನಿ ಸಾಮಾನು ಮರಿಯಂಗಿಲ್ಲ, ಎಲ್ಲಿ ಹೋದ್ರೂ ಜೊತೀಗೆ ಒಯ್ತದ. ಇದಕ್ಕ ಕ್ಲೋಶರ್ ಅಂತಾರ. ನಾವು ತವರಿಂದ ಬರೋವಾಗ ಉಪ್ಪಿನಕಾಯಿ ಭರಣಿ ತರ್ತೀವಲ್ಲಾ, ಹಂಗ. ಇನ್ನ ಸೆಟ್‌ಟೈಮ್‌ಔಟ್ ಅಂತ ಟೈಮರ್ ಹಚ್ಚೋವಾಗ, ಕೆಲಸ ಯಾವುದು, ಎಷ್ಟು ಹೊತ್ತು ಅನ್ನೋದರ ಮುಂದ ಮೂರನೇದಾಗಿ ಗುಳಿಗಿಯನ್ನೂ ಬರದ್ರ, ಹೊತ್ತು ಬಂದಾಗ ಅದನ್ನ ಹ್ಯಾಂಡ್ಲರಿನ ಕೈಯಾಗ ಇಡ್ತದ. ದಾರಿ ಮೂರವ, ಮೂರರ ಅರ್ಥ ಒಂದ: ಚೀಟಿ ಡಬ್ಬಿಯೊಳಗ ಇರಬೇಕು.

"ನಿನಗ ಇದೆಲ್ಲಾ ಗೊತ್ತಿದ್ದಿಲ್ಲೇನು?" ಅಂತ ನೀವು ಕೇಳ್ತೀರಿ. ಗೊತ್ತಿತ್ತು. ಕಲಿಯೋವಾಗಿನ ಹಳೇ ವಹಿಯೊಳಗಿನ ಒಂದು ತುಕಡಾ ಅವಸರಕ್ಕ ನಕಲು ಹೊಡದೆ. ಅದರಾಗ "ವಾರ್" ಇತ್ತು. ಪರೀಕ್ಷಾ ಮಾಡಲಿಲ್ಲೇನು ಅಂದ್ರ, ಅದನ್ನೂ ಮಾಡಿದ್ದೆ. ಒಂದ ಗುಳಿಗಿ ಇಟ್ಟು ಮಾಡಿದ್ದೆ! ಗಿರಣ್ಯಾಗ ಒಂದ ಡಬ್ಬಿ ಇದ್ರ ಪಾಟಿ ಇದ್ರೇನು, ಚೀಟಿ ಇದ್ರೇನು, ಹಿಟ್ಟು ಸರೀನ ಬರ್ತದ. ಧಾರವಾಡದಾಗ ಅವ್ವನ ಕೈಲೆ ಗುಂಡಿ ಒತ್ತಿಸಿದ್ದೂ ರಾತ್ರಿ 9ಕ್ಕ. ಆವಾಗ ಬರಬೇಕಾಗಿದ್ದೂ ಚಂದ್ರನ, ಬಂದದ್ದೂ ಚಂದ್ರನ. ತಪ್ಪು ನನ್ನ ಮುಂದ ನಿಂತು ಸರಿ ಅನ್ನೋಹಂಗ ಕಂಡಿತ್ತು.

ಮುಂಜಾನೆ ಮನಿ ಮುಟ್ಟಿದಾಗ ಅವ್ವ ರಂಗೋಲಿ ಹಾಕ್ಲಿಕ್ಕೆ ಹತ್ತಿದ್ಲು. ನನ್ನ ನೋಡಿದಾಕಿನ, "ಇಷ್ಟಕ್ಕ ಓಡಿ ಬಂದ್ಯಾ? ನನಗೇನಾಗೇದ?" ಅಂದ್ಲು. ಚಾ ಕುಡೀಕೋತ ನಾ ಹೇಳಿದೆ, "ಅವ್ವಾ, ತಪ್ಪು ನಿಂದಲ್ಲ, ನಂದು. ನಿನ್ನ ತಲಿ ಸರೀ ಅದ. ಮೂರನೇ ಸಲಕ್ಕ ಡಬ್ಬಿ ನೋಡಿ ಎಣಿಸಿದಿ ನೋಡು, ಅದಕ್ಕ ಉಳಕೊಂಡ್ವಿ." ಗಿರಣಿ ಕಥೀನ ಆಕಿಗೂ ಹೇಳಿದೆ. ಆಕಿ ಪೂರ್ತಿ ಕೇಳಿ, ಸೆರಗು ಕೈಯಾಗ ತೊಗೊಂಡು ತುದಿ ತೋರಿಸಿದ್ಲು.

ಅವ್ವ ಸೆರಗಿಗೆ ಗಂಟು ಹಾಕ್ಕೊಳ್ಳೋದು ನಮಗೆಲ್ಲಾ ಗೊತ್ತಿದ್ದದ್ದ. ಏನರ ನೆನಪಿಡಬೇಕಂದ್ರ ಗಂಟು. ಸಣ್ಣವರಿದ್ದಾಗ ನಾವು ನಗತಿದ್ವಿ. ಆದ್ರ ಗಂಟಿನ ಒಳಗ ಏನಿರ್ತಿತ್ತು ಅಂತ ನಾ ಯಾವತ್ತೂ ಕೇಳಿದ್ದಿಲ್ಲ.

"ಬರೇ ಗಂಟು ಹಾಕಿದ್ರ ಏನ ಉಪಯೋಗ?" ಅಂದ್ಲು ಅವ್ವ. "ಸಂಜೀಕ ಗಂಟು ಕೈಗೆ ಹತ್ತಿದಾಗ, ಏನೋ ಮಾಡೋದಿತ್ತು ಅಂತ ನೆನಪಾಗ್ತದ. ಏನು ಅನ್ನೋದು ನೆನಪಾಗಂಗಿಲ್ಲ. ಅದಕ್ಕ ನಾ ಒಳಗ ಏನರ ಇಡತಿದ್ದೆ. ಕಿರಾಣಿ ತರೋದಿದ್ರ ಎರಡು ಕಾಳು ತೊಗರಿಬ್ಯಾಳಿ. ನಿಮ್ಮ ಫೀಸು ಕಟ್ಟೋದಿದ್ರ ನಾಕಾಣೆ. ಯಾರರ ಮನಿಗೆ ಅರಿಷಿಣ ಕುಂಕುಮಕ್ಕ ಹೋಗೋದಿದ್ರ ಅಡಿಕಿ ಚೂರು. ಎರಡು ಗಂಟಿದ್ರೂ ಬಿಚ್ಚಿದ ಕೂಡಲೇ ಯಾವುದು ಯಾತರದು ಅಂತ ತಿಳೀತಿತ್ತು."

ನಾ ಬಾಯಿ ಬಿಟ್ಟುಕೊಂಡು ಕೂತೆ. ಗಾಡ್ಯಾಗ ಅರ್ಧಾ ರಾತ್ರಿ ನಾ ತಿದ್ದಿದ್ದು ಇದನ್ನಲ್ಲೇನು? ನನ್ನ ಟೈಮರು ಬರೇ ಗಂಟು. ಒಳಗ ಅಡಿಕಿ ಚೂರು ಇಡಲಿಕ್ಕೆ ನಾ ಮರ್ತಿದ್ದೆ. ಮರವು ಯಾರಿಗೆ ಬಂದಿತ್ತು ಅಂತ ನೀವ ಹೇಳ್ರಿ.

ಆವತ್ತು ಅಲ್ಲೇ ಕೂತು ತಿದ್ದಿ, ನಾಕೂ ಗುಳಿಗಿಯನ್ನ ಎರಡೆರಡು ನಿಮಿಷದ ಅಂತರದಾಗ ಹಚ್ಚಿ ಪರೀಕ್ಷಾ ಮಾಡಿದೆ. ಇಬ್ಬರೂ ಟ್ಯಾಬಿನ ಮುಂದ ಕೂತ್ವಿ. ಹಂಗ ಕೂತಾಗ ಇನ್ನೂ ಸಣ್ಣ ಸಣ್ಣ ತಪ್ಪು ಬಯಲಿಗೆ ಬಂದ್ವು.

ಮೊದಲನೇದು. ನಾ ಅವಸರದಾಗ ಹ್ಯಾಂಡ್ಲರಿನ ಹೆಸರಿನ ಮುಂದ ಕಂಸ ಹಾಕಿ, ಅದರಾಗ ಗುಳಿಗಿ ಹೆಸರು ಬರದು ಕೊಟ್ಟೆ. ಪೇಜ್ ತೆರೆದ ಕೂಡಲೇ ನಾಕೂ ಗಂಟಿ ಒಮ್ಮೆಲೆ ಬಾರಿಸಿದ್ವು! ಹೆಸರಿನ ಮುಂದ ಕಂಸ ಹಾಕೋದು ಅಂದ್ರ "ಈಗಿಂದೀಗ ಮಾಡು" ಅಂತ ಅರ್ಥ. "ಆಮ್ಯಾಲೆ ಮಾಡು" ಅಂತ ಹೇಳೋದಿದ್ರ ಕೆಲಸದ ಹೆಸರನ್ನಷ್ಟ ಕೊಡಬೇಕು, ಇಲ್ಲಾ ಇನ್ನೊಂದು ಫಂಕ್ಷನ್ನಿನೊಳಗ ಸುತ್ತಿ ಕೊಡಬೇಕು. ಹುಡುಗಗ "ಸಂಜೀಕ ಹಾಲು ತಾ" ಅನ್ನೋ ಬದ್ಲಿ ಈಗ ಚರಿಗಿ ಕೈಗೆ ಕೊಟ್ಟು ಹೊರಗ ದಬ್ಬಿದಂಗ.

ಎರಡನೇದು. "ತೊಗೊಂಡೆ" ಗುಂಡಿಗೆ ಗುಳಿಗಿ ನಂಬರನ್ನ ಅಂಟಿಸಿ ಇಟ್ಟಿದ್ದೆ. ಪೇಜಿನ ಮ್ಯಾಲಿನ ಯಾವುದೇ ಗುಂಡಿಗೂ "ಡೇಟಾ" ಅಂತ ಶುರು ಆಗೋ ಹೆಸರು ಕೊಟ್ಟು ನಮ್ಮ ಸ್ವಂತ ಮಾಹಿತಿ ಅಂಟಿಸಲಿಕ್ಕೆ ಬರ್ತದ, ಡಬ್ಬಿ ಮುಚ್ಚಳದ ಮ್ಯಾಲೆ ಹೆಸರು ಕೆತ್ತಿಸಿದಂಗ. ನಾ ಒತ್ತಿದ್ರ ಸರಿ, ಅವ್ವ ಒತ್ತಿದ್ರ ಏನೂ ಆಗವಲ್ತು. ನೋಡಿದ್ರ, ನಾ ಗುಂಡಿಯ ಅಂಚು ಒತ್ತತಿದ್ದೆ, ಅವ್ವ ನಡುವಿನ ಚಂದ್ರನ್ನ ಒತ್ತತಿದ್ಲು. ಚಿತ್ರ ಒತ್ತಿದ್ರ, "ಎಲ್ಲಿ ಒತ್ತಿದ್ರು" ಅಂತ ಕೇಳಿದಾಗ ಬ್ರೌಸರ್ ಚಿತ್ರದ ಹೆಸರು ಹೇಳ್ತದ. ಚಿತ್ರಕ್ಕ ಏನೂ ಅಂಟಿಸಿದ್ದಿಲ್ಲಲ್ಲ. "ಯಾರ ಹ್ಯಾಂಡ್ಲರ್ ಇದು" ಅಂತ ಕೇಳಬೇಕು, ಆವಾಗ ಗುಂಡಿ ಹೆಸರು ಹೇಳ್ತದ. ಟಾರ್ಗೆಟ್ ಅನ್ನೋ ಬದ್ಲಿ ಕರೆಂಟ್‌ಟಾರ್ಗೆಟ್ ಅಂತ ಬರದೆ, ಸರಿ ಹೋತು. ನನ್ನ ಬಟ್ಟಿಗೂ ಅವ್ವನ ಬಟ್ಟಿಗೂ ಇಷ್ಟು ಫರಕು ಇರ್ತದ ಅಂತ ಬೆಂಗಳೂರಾಗ ಕೂತ್ರ ಹೆಂಗ ತಿಳೀಬೇಕು?

ಮೂರನೇದು ನಗು ಬರೋವಂಥದು. ದಿನಕ್ಕ ಎಷ್ಟು ಗುಳಿಗಿ ಆದ್ವು ಅಂತ ಕೂಡಸಲಿಕ್ಕೆ ಹಚ್ಚಿದ್ದೆ. ಥೈರಾಯ್ಡಿಂದು 1, ಬಿಪಿದು ಅರ್ಧಾ, ಅಂದ್ರ 0.5. ಕೂಡಿಸಿ ತೋರಿಸಿದ್ದು 10.5! ಗುಂಡಿಗೆ ಅಂಟಿಸಿದ್ದು ಅಂಕಿ ಆದ್ರೂ ವಾಪಸ್ ಬರೋವಾಗ ಅಕ್ಷರ ಆಗಿ ಬರ್ತದ. ಅಕ್ಷರಾ ಕೂಡಿಸೋದಂದ್ರ ಒಂದರ ಬಾಜೂಕ ಇನ್ನೊಂದು ಇಡೋದು. ಅಂಕಿ ಮಾಡಿಕೊಂಡ ಕೂಡಸಬೇಕು. ಅವ್ವ ಕನ್ನಡಕ ಏರಿಸಿ ನೋಡಿ, "ಹತ್ತೂವರಿ ಗುಳಿಗಿ ತೊಗೊಂಡ್ರ ನಾ ಇರ್ತೀನೇನ?" ಅಂದ್ಲು.

ಇಷ್ಟೆಲ್ಲಾ ಆದಮ್ಯಾಲೆ ಮೂರು ತಿಂಗಳು ಛೊಲೊ ನಡೀತು. ನಾನು ಈ ಪಾಠ ಕಲ್ತೆ ಅಂತ ಗಟ್ಟಿ ಕೂತಿದ್ದೆ: ಎಲ್ಲಾ ಚೀಟಿಯೊಳಗ ಕಟ್ಟಬೇಕು, ಪಾಟಿ ನಂಬಬಾರದು. ಆಮ್ಯಾಲೆ ಒಂದು ದಿನ ಅದೂ ಅರ್ಧಾ ಪಾಠ ಅಂತ ತಿಳೀತು.

ಆವತ್ತು ಮುಂಜಾನೆ ಹನ್ನೊಂದಕ್ಕ ಅವ್ವ ಡಾಕ್ಟರ ಕಡೆ ಹೋಗಿದ್ಲು. ರಕ್ತ ಪರೀಕ್ಷಾ ನೋಡಿ, ಕ್ಯಾಲ್ಸಿಯಂ ಎರಡರ ಬದ್ಲಿ ಒಂದ ಸಾಕು ಅಂದ್ರು. ನಾ ಹನ್ನೆರಡಕ್ಕ ಇಲ್ಲಿಂದ ಪಟ್ಟಿ ತಿದ್ದಿದೆ. ಟ್ಯಾಬ್ ಅರ್ಧ ತಾಸಿಗೊಮ್ಮೆ ಹೊಸಾ ಪಟ್ಟಿ ತರಿಸ್ಕೋತದ, ತರಿಸ್ಕೊಂಡಿತ್ತು. ಆದ್ರೂ 1.30ಕ್ಕ ಗಂಟಿ ಹೊಡದು "ಕ್ಯಾಲ್ಸಿಯಂ, ಎರಡು" ಅಂತ ತೋರಿಸ್ತು. ಯಾಕಂದ್ರ ಆ ಚೀಟಿ ನಡುರಾತ್ರಿ 12ಕ್ಕ ಕಟ್ಟಿದ್ದು. ಅದರಾಗ "ಎರಡು" ಅಂತ ಬರದಿತ್ತು. ಹೊಸಾ ಪಟ್ಟಿ ಬಂದು ಕಟ್ಟಿ ಮ್ಯಾಲೆ ಕೂತಿತ್ತು, ಗಂಟಿನೊಳಗ ಹಳೇ ಚೀಟಿ ಹಂಗ ಇತ್ತು.

ಈ ಸಲ ಅವ್ವ ತೊಗೊಳ್ಳಲಿಲ್ಲ. "ಡಾಕ್ಟರ್ ಈಗಷ್ಟ ಒಂದ ಅಂದಾರ. ನಿನ್ನ ಟ್ಯಾಬಿಗೆ ಸುದ್ದಿ ಮುಟ್ಟಿಲ್ಲ ಕಾಣಸ್ತದ" ಅಂತ ಫೋನ್ ಮಾಡಿದ್ಲು. ಆ ಮಾತಿನ್ಯಾಗ ಹಿಂದಿನ ಅಳುಕು ಇದ್ದಿಲ್ಲ. ತಪ್ಪು ಟ್ಯಾಬಿಂದು ಅನ್ನೋದು ಆಕಿಗೆ ಖಾತ್ರಿ ಇತ್ತು. ನನಗ ಎಷ್ಟು ನಾಚಿಕಿ ಆತೋ ಅಷ್ಟ ಸಂತೋಷನೂ ಆತು.

ಆವಾಗ ಕೂತು ವಿಚಾರ ಮಾಡಿದೆ. ಗಂಟಿನೊಳಗ ಏನ ಕಟ್ಟಬೇಕು, ಏನ ಕಟ್ಟಬಾರದು? ಅವ್ವ ಗಂಟಿನೊಳಗ ತೊಗರಿಬ್ಯಾಳಿ ಎರಡ ಕಾಳು ಇಡತಿದ್ಲು. "ಕಿರಾಣಿ" ಅಂತ ಗುರುತಿಗೆ ಅಷ್ಟ. ಎಷ್ಟು ಕಿಲೋ, ಏನೇನು ಅನ್ನೋದನ್ನ ಅಂಗಡಿಗೆ ಹೋಗೋ ಹೊತ್ತಿಗೆ ಡಬ್ಬಿ ನೋಡಿ ಲೆಕ್ಕಾ ಹಾಕತಿದ್ಲು. ಯಾಕಂದ್ರ ಗಂಟು ಹಾಕಿದಾಗ ಅರ್ಧಾ ಡಬ್ಬಿ ಇದ್ದದ್ದು ಸಂಜೀಕ ಖಾಲಿ ಆಗಿರಬಹುದು, ಇಲ್ಲಾ ಅಪ್ಪ ದಾರ್ಯಾಗ ತಂದಿರಬಹುದು. ಬದಲಾಗಲಾರದ್ದನ್ನ ಗಂಟಿನೊಳಗ ಕಟ್ಟಬೇಕು, ಬದಲಾಗೋದನ್ನ ಆ ಹೊತ್ತಿಗೆ ಹೋಗಿ ಕೇಳಬೇಕು.

ಅದನ್ನ ಮಾಡಿದೆ. ಟೈಮರಿನ ಕೈಯಾಗ ಈಗ ಗುಳಿಗಿಯ ನಂಬರಷ್ಟ ಕೊಡ್ತೀನಿ. ಗಂಟಿ ಹೊಡದಾಗ ಹ್ಯಾಂಡ್ಲರ್ ಆ ನಂಬರ್ ಹಿಡಕೊಂಡು ಆವತ್ತಿನ, ಆ ಹೊತ್ತಿನ ಪಟ್ಟಿಯೊಳಗ ಹುಡುಕ್ತದ. ಎಷ್ಟು ತೊಗೋಬೇಕು, ಡಾಕ್ಟರ್ ನಿಲ್ಲಿಸ್ಯಾರೋ ಏನು ಅಂತ ನೋಡಿ ಆಮ್ಯಾಲೆ ತೋರಸ್ತದ. "ತೊಗೊಂಡೆ" ಅಂತ ಒತ್ತಿದಾಗ ಮಾತ್ರ ಉಲ್ಟಾ. ಎಷ್ಟು ತೊಗೊಂಡ್ಲು, ಎಷ್ಟು ಹೊತ್ತಿಗೆ ಅನ್ನೋದನ್ನ ಒತ್ತಿದ ಕ್ಷಣಕ್ಕ ಕಟ್ಟಿಬಿಡಬೇಕು. ನಾಳೆ ಪಟ್ಟಿ ಬದಲಾದ್ರೂ ನಿನ್ನಿ ಲೆಕ್ಕ ಬದಲಾಗಬಾರದಲ್ಲ. ಒಂದ ಗುಳಿಗಿ, ಎರಡು ಕೆಲಸ, ಎರಡಕ್ಕೂ ಬ್ಯಾರೆ ಬ್ಯಾರೆ ನಿಯಮ. ಯಾವುದು ಎಲ್ಲಿ ಅನ್ನೋದನ್ನ ಕಂಪ್ಯೂಟರ್ ಹೇಳಂಗಿಲ್ಲ, ಗುಳಿಗಿ ತೊಗೊಳ್ಳೋರ ದಿನಚರಿ ಹೇಳ್ತದ.

ನಿಮ್ಮ ಮನಿಯೊಳಗೂ ಹಿರಿಯರಿಗೆ ಫೋನಿನ್ಯಾಗ, ಟ್ಯಾಬಿನ್ಯಾಗ ಹಿಂಗ ಗುಳಿಗಿ ನೆನಪಿಗೆ ಹಚ್ಚಿಕೊಟ್ಟಿದ್ರ, ನಾ ಪೆಟ್ಟು ತಿಂದು ಕಲಿತದ್ದು ಹೇಳ್ತೀನಿ. ಒಂದ ಗುಳಿಗಿ ಹಚ್ಚಿ ಪರೀಕ್ಷಾ ಮಾಡಿ ಬಿಡಬ್ಯಾಡ್ರಿ, ಎಲ್ಲಾ ಹಚ್ಚಿ ಒಂದು ದಿನ ಬಾಜೂಕ ಕೂತು ನೋಡ್ರಿ. ಟ್ಯಾಬ್ ಮಲಗಿಬಿಟ್ರ ಟೈಮರು ತಡಾ ಆಗ್ತಾವ, ಅದಕ್ಕ ಸಾದಾ ಅಲಾರಾಂ ಒಂದು ಇರಲಿ. ವಾರದ ಏಳು ಖಾನೆ ಇರೋ ಗುಳಿಗಿ ಡಬ್ಬಿ ತಂದು ತುಂಬಿಡ್ರಿ, ಖಾನೆ ಖಾಲಿ ಅದನೋ ಇಲ್ಲೋ ಅಂತ ಕಣ್ಣಿಗೆ ಕಾಣಸ್ತದ. ಎಲ್ಲಾದಕ್ಕಿಂತ ಮೊದಲು, "ಪರದೆ ಹೇಳಿದ್ದಕ್ಕೂ ಗುಳಿಗಿ ಪಟ್ಟಿ ಮ್ಯಾಲಿನ ಹೆಸರಿಗೂ ತಾಳಿ ಆಗಲಿಲ್ಲಂದ್ರ ತೊಗೋಬ್ಯಾಡ, ನನಗ ಫೋನ್ ಮಾಡು" ಅಂತ ಹೇಳ್ರಿ. ಫೋನ್ ಬಂದಾಗ "ಮರ್ತಿ ಏನು?" ಅಂತ ಮಾತ್ರ ಕೇಳಬ್ಯಾಡ್ರಿ.

ಪಂಚಮಿ ಮುಗಿಸಿ ಹೊರಡೋವಾಗ ಅವ್ವಗ ನಮಸ್ಕಾರ ಮಾಡಿದೆ. ಎದ್ದು ನೋಡಿದ್ರ ಸೆರಗಿನ ತುದಿಗೆ ಒಂದು ಗಂಟು. "ಮತ್ತ್ಯಾತಕ್ಕವ್ವಾ ಇದು? ಟ್ಯಾಬ್ ಸರೀ ನಡದದಲ್ಲ?" ಅಂದೆ. ಬಿಚ್ಚಿ ತೋರಿಸಿದ್ಲು. ಒಳಗ ಒಂದು ಚೂರು ಬೆಲ್ಲ.

"ನಿನಗ ಉಂಡಿ ಡಬ್ಬಿ ಕಟ್ಟಿಕೊಡೋದು ಮರೀಬಾರದು ಅಂತ" ಅಂದ್ಲು. "ಎಷ್ಟು ಉಂಡಿ ಅಂತ ಗಂಟಿನ್ಯಾಗಿಲ್ಲ. ಈಗ ಉಳಿದಾವೆಷ್ಟು ನೋಡಿ ಹೇಳ್ತೀನಿ, ನಡಿ."